ಬೇಟೆಗೂ ರೇಂಜಿಗೂ ಒಂದೇ ಸ್ಕೋಪ್: ದಾಲ್ ಮಿಲ್ ಗೋಡೌನಿನಿಂದ ಹೊಲದ ತನಕ

ನಮಸ್ಕಾರ್ರೀ ಎಲ್ಲಾರಿಗೂ. ಈಗ ಕಾಣ್ಲಿಕತ್ತದಲ್ಲ, ಇದು ನಮ್ಮ ಕಾಕಾನ ದಾಲ್ ಮಿಲ್ಲಿನ ಹಿಂದಿನ ಗೋಡೌನ್, ಕಲಬುರಗಿ. ತೊಗರಿ ಚೀಲ ಎಲ್ಲಾ ಲೋಡ್ ಆಗಿ ಹೋಗ್ಯಾವ, ಖಾಲಿ ಬಿದ್ದದ, ಅದಕ್ಕ 10 ಮೀಟರ್ ಸೀದಾ ಲೈನ್ ಸಿಕ್ಕದ ನಮಗ. ಆ ತುದಿಗೆ ಪೆಲ್ಲೆಟ್ ಟ್ರ್ಯಾಪ್, ಅಂದ್ರ ಏರ್ ರೈಫಲ್ಲಿನ ಸಣ್ಣ ಗುಂಡು ಹಿಡಿಯೋ ಡಬ್ಬಿ, ಅದರ ಹಿಂದ ಉಸುಕಿನ ಚೀಲ, ಅದರ ಹಿಂದ ಕಲ್ಲಿನ ಗ್ವಾಡಿ. ಬಾಗ್ಲಾ ಹಾಕ್ಯದ, ಕೀಲಿ ನನ್ನ ಕಿಸೆದಾಗ ಅದ.

ಇವತ್ತಿನ ವಿಷಯ ಸ್ಕೋಪ್, ರೈಫಲ್ಲಿನ ಮ್ಯಾಲ ಹಚ್ಚಿ ಗುರಿ ನೋಡೋ ದುರ್ಬೀನು. ನಮ್ಮ ಅತ್ತಿ ಮಗ ನ್ಯೂಜಿಲೆಂಡ್‌ನ್ಯಾಗ ಇರ್ತಾನ, ಅವನ ಹತ್ರ .308 ರೈಫಲ್ ಅದ, ದೊಡ್ಡ ಗುಂಡಿಂದು, ವಾರಕ್ಕ ರೇಂಜಿಗೆ, ಅಂದ್ರ ಗುರಿ ಹೊಡಿಯೋ ಮೈದಾನಕ್ಕ ಹೋಗ್ತಾನ, ಸೀಸನ್‌ನ್ಯಾಗ ಜಿಂಕಿ ಬೇಟೆಗೂ ಹೋಗ್ತಾನ. ಅಲ್ಲಿ ಜಿಂಕಿ ಅಂದ್ರ ಹೊರಗಿನಿಂದ ತಂದು ಬಿಟ್ಟಿದ್ದು, ಕಾಡು ಮೇಯ್ದು ಹಾಳ ಮಾಡ್ತಾವ ಅಂತ ಸರ್ಕಾರನ ಪರ್ಮಿಟ್ ಕೊಡ್ತದ. "ಮಾಮಾ, ಎರಡಕ್ಕೂ ಆಗೋ ಒಂದೇ ಸ್ಕೋಪ್ ಹೇಳು" ಅಂತ ಗಂಟು ಬಿದ್ದಾನ. ನಮ್ಮಲ್ಲಿ ಆ ಮಾತೇ ಇಲ್ಲ ನೋಡ್ರಿ, 1972ರ ವನ್ಯಜೀವಿ ಕಾಯ್ದೆ ಅದ, ಬೇಟೆ ಬಂದ್. ನಮ್ಮ ಕಡಿ ಹೊಲದಾಗ ಚಿಗರಿ, ಅಂದ್ರ ಕೃಷ್ಣಮೃಗ, ಹಿಂಡು ಹಿಂಡು ಓಡ್ಯಾಡ್ತಾವ, ಅವು ಶೆಡ್ಯೂಲ್ 1ರಾಗ ಅವ, ಹುಲಿ ಇರೋ ಪಟ್ಟಿನೇ ಅದು. ನಾನು ಹಾರ್ಸೋದು ಕಾಗದಕ್ಕ ಮತ್ತ ಕಬ್ಬಿಣದ ಪ್ಲೇಟಿಗೆ ಅಷ್ಟ. ಹಾಂ, ನಂದು .177 (ಸಾಡೇ ನಾಕು ಮಿಲಿಮೀಟರ್ ಗುಂಡಿಂದು) ಸ್ಪ್ರಿಂಗ್ ಏರ್ ರೈಫಲ್, ಹೊಡೆತದ ಶಕ್ತಿ 20 ಜೂಲ್ ಒಳಗಿಂದು, 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಇದಕ್ಕ ಲೈಸೆನ್ಸ್ ಬೇಕಾಗಂಗಿಲ್ಲ.

ಆದ್ರ ಸ್ಕೋಪಿನ ಲೆಕ್ಕ ಇದ್ಯಲ್ಲ, ಅದು .308 ಇರ್ಲಿ ಏರ್ ರೈಫಲ್ ಇರ್ಲಿ, ಕಣ್ಣಿನ ಲೆಕ್ಕ, ಬೆಳಕಿನ ಲೆಕ್ಕ. ಅದಕ್ಕ ಎರಡು ಸ್ಕೋಪ್ ಇಟ್ಟೀನಿ ಇಲ್ಲಿ. ಒಂದು ನಂದು, 4-16x44, ಅಂದ್ರ ಜೂಮ್ 4ರಿಂದ 16 ಪಟ್ಟು, ಮುಂದಿನ ಗ್ಲಾಸ್ 44 ಮಿಲಿಮೀಟರ್. ಇದು ಎಫ್‌ಎಫ್‌ಪಿ, ಅಂದ್ರ ಜೂಮ್ ಮಾಡಿದಂಗ ಒಳಗಿನ ಗುರಿ ಗೆರಿನೂ (ಕ್ರಾಸ್‌ಹೇರ್) ದೊಡ್ಡ ಸಣ್ಣ ಆಗ್ತಾವ. ಬಾಜೂಕ ಪ್ಯಾರಲಾಕ್ಸ್ ತಿರುಗ್ಸೋ ನಾಬ್ ಅದ, ಟಾರ್ಗೆಟ್ ಇರೋ ದೂರಕ್ಕ ಹೊಂದಿಸ್ಲಿಕ್ಕ. ಇನ್ನೊಂದು ದೋಸ್ತಂದು, 3-9x40, ಎಸ್‌ಎಫ್‌ಪಿ, ಅಂದ್ರ ಜೂಮ್ ಎಷ್ಟೇ ಇರ್ಲಿ ಗೆರಿ ಇದ್ದಷ್ಟೇ ಕಾಣ್ತಾವ, ಮುಂದಿನ ಗ್ಲಾಸ್ ತಿರುಗ್ಸಿ ಫೋಕಸ್ ಮಾಡೋದು. ಇಬ್ರೂ ಏರ್‌ಗನ್ ರೇಟೆಡ್ ನೋಡೇ ತಗೊಂಡೀವಿ. ಸ್ಪ್ರಿಂಗ್ ರೈಫಲ್ ನೋಡ್ಲಿಕ್ಕ ಸಣ್ಣದು ಅನಸ್ತದ ಖರೆ, ಒಳಗ ಪಿಸ್ಟನ್ ಮುಂದ ಹೋಗುವಾಗ ರೈಫಲ್ ಹಿಂದ ಒದೀತದ, ಪಿಸ್ಟನ್ ಹೋಗಿ ಗಪ್ಪನೆ ನಿಂತಾಗ ಮುಂದ ಒದೀತದ, ಎರಡೂ ಕಡಿ ಹೊಡೆತ. ದೊಡ್ಡ ರೈಫಲ್ಲಿನ ಸ್ಕೋಪ್ ಒಂದೇ ದಿಕ್ಕಿನ ಹೊಡೆತಕ್ಕ ಕಟ್ಟಿದ್ದು, ಅಂಥಾ ಎಷ್ಟೋ ಸ್ಕೋಪಿನ ಒಳಗ ಕ್ರಾಸ್‌ಹೇರ್ ಸಡ್ಲಾಗಿ ತಿರುಗಿ ನಿಂತಾವ.

ಈಗ ಇವನ್ನ ಹಚ್ಬೇಕಲ್ಲ, ಹಚ್ಚೋದು ನೀವೇ ನೋಡ್ಲಿಕತ್ತೀರಿ, ಅದರ ಬಗ್ಗೆ ಹೇಳಂಗಿಲ್ಲ. ಈ ಮೌಂಟು, ಅಂದ್ರ ಸ್ಕೋಪನ್ನ ರೈಫಲ್ಲಿಗೆ ಹಿಡಿದು ನಿಲ್ಸೋ ಹಿಡಿಕಿ, ಅದರ ಬಗ್ಗೆ ಮಾತ್ರ ಹೇಳೇ ಹೇಳ್ತೀನಿ, ಯಾಕಂದ್ರ ಇದರ ಸಲುವಾಗಿ ನನ್ನ ತಲಿ ಕೆಟ್ಟು ಹೋಗ್ಯದ.

ನೋಡ್ರಿ, ನಮ್ಮ ದೇಶಿ ಏರ್ ರೈಫಲ್ಲಿನ ಮ್ಯಾಲ ಇರೋದು 11 ಎಂಎಂ ಡವ್‌ಟೇಲ್, ರೈಫಲ್ಲಿನ ಬೆನ್ನಿಗೇ ಕೊರೆದಿರೋ ಎರಡು ಸಣ್ಣ ಕಚ್ಚು. ದೊಡ್ಡ ರೈಫಲ್ಲಿಗೆ ಇರೋದು ಪಿಕಟಿನ್ನಿ ರೈಲ್, ಅದು ಅಗಲ, 20 ಎಂಎಂ ಅಂತ ಮಾರ್ತಾರ, ನಡು ನಡು ಅಡ್ಡ ಕಚ್ಚು ಇರ್ತಾವ. ಒಂದರ ಮೌಂಟ್ ಇನ್ನೊಂದಕ್ಕ ಕೂಡಂಗೇ ಇಲ್ಲ. ನಾನು ಆನ್‌ಲೈನ್‌ನ್ಯಾಗ 1,450 ರೂಪಾಯಿ ಕೊಟ್ಟು ಮೌಂಟ್ ತರಿಸಿದೆ, ಮಾರಿದವರ ಹೆಸರು ಬ್ಯಾಡ, ಅದರ ಮ್ಯಾಲ ದೊಡ್ಡದಾಗಿ ಬರೆದಿದ್ರು, ಎಲ್ಲಾ ಏರ್ ರೈಫಲ್ಲಿಗೂ ಕೂಡ್ತದ ಅಂತ. ಬಂದಿದ್ದು 20 ಎಂಎಂ. ಫೋನ್ ಹಚ್ಚಿದ್ರ ಏನಂತಾರ, "ಸರ್ ನೀವು ಪ್ಯಾಕೆಟ್ ಒಡೆದೀರಿ, ರಿಟರ್ನ್ ಆಗಂಗಿಲ್ಲ". ಅಲ್ರೀ, ಪ್ಯಾಕೆಟ್ ಒಡೀಲಾರದ ಒಳಗಿನ ಅಳತಿ ಹ್ಯಾಂಗ ಗೊತ್ತಾಗಬೇಕು? ಮ್ಯಾಲೆ ಬರೆದಿದ್ದು ಒಂದು, ಒಳಗಿದ್ದದ್ದು ಒಂದು, ತಪ್ಪು ಯಾರ್ದು? ಫೋಟೋ ಕಳಸ್ರಿ ಅಂದ್ರು, ಕಳಿಸಿದೆ. ವರ್ನಿಯರ್ ಹಚ್ಚಿ ವಿಡಿಯೋ ಮಾಡ್ರಿ ಅಂದ್ರು, ಅದೂ ಮಾಡಿ ಕಳಿಸಿದೆ. ಆಮ್ಯಾಲ ಬ್ಯಾರೆ ಪೀಸ್ ಕಳಿಸ್ತೀವಿ, ಕೊರಿಯರ್ ಖರ್ಚು 180 ನೀವೇ ಹಾಕ್ರಿ ಅಂದ್ರು. ಹಾಕಿದೆ, ಕೆಲಸ ಮುಗೀಲಿ ಅಂತ. ಎರಡನೇದು ಬಂತು, 11 ಎಂಎಂನೇ ಬಂತು, ಆದ್ರ ಅದರಾಗ ಸ್ಟಾಪ್ ಪಿನ್ ಇಲ್ಲ!

ಸ್ಟಾಪ್ ಪಿನ್ ಅಂದ್ರ ಇದು, ಕ್ಯಾಮೆರಾ ಹತ್ರ ತರ್ತೀನಿ ನೋಡ್ರಿ. ರೈಫಲ್ಲಿನ ಬೆನ್ನಿನ ಹಿಂಭಾಗದಾಗ ಮೂರು ಸಣ್ಣ ತೂತು ಕಾಣ್ತಾವಲ್ಲ, ಮೌಂಟಿನ ಕೆಳಗಿನ ಪಿನ್ನು ಅದರಾಗ ಕುಂತ್ರ ಮೌಂಟ್ ಹಿಂದ ಸರಿಯಂಗಿಲ್ಲ. ಪಿನ್ ಇಲ್ಲಂದ್ರ ಸ್ಕ್ರೂ ಎಷ್ಟೇ ಬಿಗಿ ಮಾಡ್ರಿ, ಹೊಡೆತಕ್ಕ ಕೂದಲೆಳೆ ಕೂದಲೆಳೆ ಜರೀತದ. ಇಲ್ಲಿ ಕರಿ ಬಣ್ಣ ಹೋಗಿ ಬೆಳ್ಳಗ ಗೆರಿ ಬಿದ್ದದ ನೋಡ್ರಿ, ಕಡ್ಲಿ ಕಾಳಿನಷ್ಟು ಉದ್ದ, ಒಂದೇ ಮಧ್ಯಾಹ್ನದಾಗ ಅಷ್ಟು ಹಿಂದ ಬಂದದ. ಜೀರೋ (ಕ್ರಾಸ್‌ಹೇರ್ ಇಟ್ಟಲ್ಲೇ ಗುಂಡು ಬೀಳೋಹಂಗ ಮಾಡಿದ ಹೊಂದಾಣಿಕಿ) ನಿಲ್ಲವಲ್ದು, ಗ್ಲಾಸ್ ಖರಾಬ್ ಅಂತ ಮಂದಿ ಸ್ಕೋಪಿಗೇ ಬೈತಾರ, ಸ್ಕೋಪ್ ಪಾಪ ಏನ್ ಮಾಡ್ಬೇಕು. ಕಡಿಗೆ ಸೂಪರ್ ಮಾರ್ಕೆಟ್ ಹಿಂದಿನ ಲೇತ್ ಅಂಗಡಿ ಉಸ್ತಾದರು ಮೌಂಟಿನ ತಳಕ್ಕ ತೂತು ಹಾಕಿ, ಸ್ಟೀಲಿನ ಪಿನ್ ಕಡದು ಕುಂದ್ರಿಸಿ ಕೊಟ್ರು. 100 ರೂಪಾಯಿ. ಚಹಾನೂ ಕುಡಿಸಿದ್ರು. ಕಂಪನಿ ಮಾಡ್ಲಾರದ ಕೆಲಸ ಅದು, ಅಲ್ಲಿಂದ ಇಲ್ಲಿ ತನಕ ಒಂದು ಕೂದಲೂ ಸರ್ದಿಲ್ಲ. ಸ್ಕೋಪಿಗೆ ರೊಕ್ಕ ಹಾಕಿ ಮೌಂಟಿನ್ಯಾಗ ಉಳಸ್ಲಿಕ್ಕ ಹೋಗ್ಬ್ಯಾಡ್ರಿ, ಕೈ ಮುಗೀತೀನಿ.

ಹಾಂ, ಇದು 10 ಮೀಟರ್ ಶಾಟ್. ಒಂದು ವಿಷಯ, ಬಹಳ ಮಂದಿ ಕೇಳ್ತಾರ, ಒಲಿಂಪಿಕ್ಸ್‌ದವರು ಯಾವ ಸ್ಕೋಪ್ ಹಚ್ತಾರ ಅಂತ. ಹಚ್ಚಂಗೇ ಇಲ್ರೀ! 2008ರಾಗ ಅಭಿನವ್ ಬಿಂದ್ರಾ ಬೀಜಿಂಗ್‌ನ್ಯಾಗ ಬಂಗಾರ ತಂದಿದ್ದು 10 ಮೀಟರ್ ಏರ್ ರೈಫಲ್‌ನ್ಯಾಗ, ಪೀಪ್ ಸೈಟ್ ಮ್ಯಾಲ, ಗ್ಲಾಸೇ ಇಲ್ಲ, ಸಣ್ಣ ತೂತಿನಿಂದ ನೋಡೋದು. 2024ರಾಗ ಪ್ಯಾರಿಸ್‌ನ್ಯಾಗ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಶನ್‌ದಾಗ ಕಂಚು ತಂದ್ರು, ಅವರು ನಮ್ಮ ಬಾಜೂ ಕೊಲ್ಹಾಪುರದ ಕಡಿಯವರು, ಅದೂ ಸ್ಕೋಪ್ ಇಲ್ಲದೇನೇ. 10 ಮೀಟರಿನ ಟಾರ್ಗೆಟ್‌ನ್ಯಾಗ ನಡುವಿನ ಹತ್ತು ಅಂಕದ ಚುಕ್ಕಿ ಎಷ್ಟದ ಗೊತ್ತದೇನು, ಅರ್ಧ ಮಿಲಿಮೀಟರ್. ಅದಕ್ಕ, ಮಕ್ಕಳನ್ನ ಕಾಂಪಿಟಿಶನ್ನಿಗೆ ತಯಾರ್ ಮಾಡೋರು ಸ್ಕೋಪ್ ತರ್ಲೇಬ್ಯಾಡ್ರಿ, ಪೀಪ್ ಸೈಟ್ ತಗೋರಿ. ನಾನು ಹೇಳೋ ರೇಂಜ್ ಅಂದ್ರ ಹೊಡೆದ ತೂತು ಎಷ್ಟು ಹತ್ರ ಹತ್ರ ಬಿದ್ದಾವ ಅಂತ ನೋಡೋದು, ದೂರ ದೂರದ ಪ್ಲೇಟ್ ಹೊಡಿಯೋದು, ಆ ಥರದ್ದು.

ಪ್ಯಾರಲಾಕ್ಸ್ ಈಗ ತೋರಸ್ತೀನಿ. ದೊಡ್ಡ ರೈಫಲ್ಲಿನ ಬೇಟೆ ಸ್ಕೋಪ್ ಬಹಳಷ್ಟು 100 ಯಾರ್ಡಿಗೆ ಫಿಕ್ಸ್ ಇರ್ತಾವ, ಅದನ್ನ ಈ ಗೋಡೌನಿನ್ಯಾಗ ಇಟ್ರ ಟಾರ್ಗೆಟ್ ಮಸಕ್ ಮಸಕ್ ಕಾಣ್ತದ. ಮತ್ತ ತಲಿ ಒಂಚೂರು ಅಲುಗಿದ್ರ ಕ್ರಾಸ್‌ಹೇರ್ ಟಾರ್ಗೆಟ್ ಮ್ಯಾಲ ಓಡ್ಯಾಡ್ತದ. ಇಲ್ಲಿ ನಾಬ್ 10ಕ್ಕ ತಂದೆ, ಈಗ ತಲಿ ಅಲಗಾಡ್ಸಿದ್ರೂ ಕ್ರಾಸ್‌ಹೇರ್ ಅಲ್ಲೇ ಕುಂತದ. ರೇಂಜಿಗೆ ಇದು ಬೇಕೇ ಬೇಕು. ಜಿಂಕಿ ಬೇಟೆಗೆ ಅಷ್ಟೇನ್ ಬ್ಯಾಡ, ಅಲ್ಲಿ ಎದಿ ಮ್ಯಾಲಿನ ಗುರಿ ದೊಡ್ಡದು, ಒಂದು ಬೆರಳು ಆ ಕಡಿ ಈ ಕಡಿ ಆದ್ರ ನಡೀತದ.

ಸರಿ, ಹೊಲಕ್ಕ ಬಂದೀವಿ. ಇದು ಆಳಂದ ರೋಡಿನ ಬಾಜೂ, ಎರಿ ಭೂಮಿ, ತೊಗರಿ ಕಿತ್ತು ಭಾಳ ದಿನ ಆಗ್ಯದ, ಕೂಳಿ ಅಷ್ಟೇ ಉಳಿದದ. ಆ ಒಡ್ಡು ಕಾಣ್ತದಲ್ಲ, ಆಳೆತ್ತರ ಮಣ್ಣು, ಪ್ಲೇಟ್ ಎಲ್ಲಾ ಅದರ ಮುಂದೇ ಇಟ್ಟೀವಿ. ಮಾರ್ಚ್ ಕಡಿ ವಾರ, ಮಧ್ಯಾಹ್ನ ಎರಡಕ್ಕ ಈ ಬಿಸಲಾಗ 16ಕ್ಕ ಹಾಕಿ ನೋಡ್ರಿ, ಇದು ಸ್ಕೋಪಿನ ಹಿಂದ ಫೋನ್ ಇಟ್ಟು ತೆಗ್ದಿದ್ದು, ಪ್ಲೇಟು ನೀರಾಗ ಬಿದ್ದಂಗ ಕುಣೀಲಿಕತ್ತದ. ಗ್ಲಾಸಿನ ತಪ್ಪಲ್ಲ ಅದು, ಕರಿ ಮಣ್ಣು ಕಾಯ್ದು ಗಾಳಿ ಮ್ಯಾಲೇಳ್ತದ, ಜೂಮ್ ಎಷ್ಟು ಹೆಚ್ಚೋ ಕುಣಿತ ಅಷ್ಟು ಹೆಚ್ಚು. 8ಕ್ಕ ಇಳಿಸಿದೆ, ನೋಡ್ರಿ ಈಗ ತಣ್ಣಗಾತು. 24, 32 ಅಂತ ಜೂಮ್ ನೋಡಿ ರೊಕ್ಕ ಕೊಡ್ತಾರಲ್ಲ, ನಮ್ಮ ಕಲಬುರಗಿ ಬಿಸಲಾಗ ವರ್ಷದ ನಾಕು ತಿಂಗಳು ಅದು ಉಪಯೋಗಿಲ್ಲ.

ನಾನು 25 ಮೀಟರಿಗೆ ಜೀರೋ ಮಾಡೀನಿ. 40ಕ್ಕ ಹೋದ್ರ ಸುಮಾರು ನಾಕು ಬೆರಳು ಕೆಳಗ ಬೀಳ್ತದ. ಮಜಾ ಏನಂದ್ರ 5 ಮೀಟರಿಗೂ ಕೆಳಗೇ ಬೀಳ್ತದ, ಯಾಕಂದ್ರ ಸ್ಕೋಪ್ ನಳಿಗಿಗಿಂತ ಮ್ಯಾಲ ಕುಂತದ, ಪೆಲ್ಲೆಟ್ ಇನ್ನೂ ನೋಟದ ಗೆರಿಗೆ ಏರಿರಂಗಿಲ್ಲ. ಮೌಂಟ್ ಎತ್ತರ ಇದ್ದಷ್ಟು ಈ ತಕರಾರು ಜಾಸ್ತಿ, ಗ್ಲಾಸ್ ನಳಿಗಿಗಿ ತಾಗ್ಲಾರದಷ್ಟು ಎತ್ತರ ಇದ್ರ ಸಾಕು.

ನಡುವ ಸುಸಲಾ ಮಿರ್ಚಿ ಬ್ರೇಕ್. ಈ ಸುಸಲಾಕ್ಕ ಉಳ್ಳಾಗಡ್ಡಿ ಒಂಚೂರು ಜಾಸ್ತಿ ಬೇಕಿತ್ತು ಅಂತ ನನಗನಸ್ತದ, ಮಿರ್ಚಿ ಮಾತ್ರ ಒಂದ್ ನಂಬರ್. ಸುಮ್ನ ಕುಂತಾಗ ನೆನಪಾತು, ನಮ್ಮ ಕೋಟಿ ಮ್ಯಾಲಿನ ಬಾರಾ ಗಜ ತೋಪು ನೋಡೀರೇನು, 29 ಅಡಿ ಉದ್ದ ಅಂತಾರ, ಅದರ ಬಾಜೂ ನಿಂತು ಆ ಕಾಲದಾಗ ಗುರಿ ಹ್ಯಾಂಗ ಹಿಡೀತಿದ್ರು ಅಂತ ನಾನು ತಾಸುಗಟ್ಲೆ ವಿಚಾರ ಮಾಡೀನಿ, ಅದರ ಮ್ಯಾಲೇ ಒಂದು ವಿಡಿಯೋ ಮಾಡ್ಬೇಕು... ಇರ್ಲಿ, ಬೆಳಕ್ ಹೊಂಟದ, ಬರ್ರಿ ಬರ್ರಿ.

ಇದೇ ಇವತ್ತಿನ ಮುಖ್ಯ ಶಾಟ್. ಸಂಜಿ ಆರೂವರಿ, ಹೊತ್ತು ಮುಳುಗ್ಲಿಕತ್ತದ. ಜಾಲಿ ಗಿಡದ ಬುಡಕ ಗೋಣಿಚೀಲ ನಿಲ್ಸೀವಿ, ಜಿಂಕಿ ಮೈ ಬಣ್ಣನ ಅದು. ಬೇಟೆಯವರಿಗೆ ಪ್ರಾಣಿ ಹೊರಗ ಬರೋದು ಇದೇ ಹೊತ್ತಿಗೆ, ಇಲ್ಲಂದ್ರ ನಸಿಕಿನ್ಯಾಗ. ಮೊದ್ಲು ನಂದು, 16ಕ್ಕ ಇಟ್ಟೆ. ಕತ್ಲಿ. 44ನ್ನ 16ರಿಂದ ಭಾಗಿಸ್ರಿ, ಪೌಣೆ ಮೂರು ಮಿಲಿಮೀಟರ್ ಬೆಳಕಿನ ಕಂಬ ಕಣ್ಣಿಗೆ ಬರ್ತದ. ಈ ಹೊತ್ತಿನ್ಯಾಗ ನಮ್ಮ ಕಣ್ಣಿನ ಪಾಪಿ ಐದಾರು ಮಿಲಿಮೀಟರ್ ತೆರೀತದ, ಅರ್ಧಾ ಹೊಟ್ಟಿ ಖಾಲಿನೇ. 7ಕ್ಕ ಇಳಿಸಿದೆ, ಬೆಳಕಾತು, ಚೀಲದ ಹೊಲಿಗಿ ಸಹ ಕಾಣ್ತದ. ಆದ್ರ ಕ್ರಾಸ್‌ಹೇರ್ ಎಲ್ಲಿ? ಎಫ್‌ಎಫ್‌ಪಿದಾಗ ಜೂಮ್ ಇಳಿಸಿದ್ರ ಗೆರಿನೂ ಸಣ್ಣ ಆಗ್ತಾವ, ಜಾಲಿ ಕಂಟಿ ಕರಿ, ಗೆರಿ ಕರಿ, ಕಳ್ದೇ ಹೋತು. ಈಗ ದೋಸ್ತನ 3-9, 6ಕ್ಕ ಇಟ್ಟೀನಿ. ಎಸ್‌ಎಫ್‌ಪಿ, ಗೆರಿ ಇದ್ದಷ್ಟೇ ಇರ್ತಾವ, ನಾಕೂ ಕಡಿಯಿಂದ ದಪ್ಪ ಗೆರಿ ನಡುವಿಗೆ ಬಂದು ನಿಂತಾವ, ಕಣ್ಣು ತಾನೇ ನಡುವಿಗೆ ಹೋಗ್ತದ. ಅಗ್ಗದ ಸ್ಕೋಪ್ ಇದು, ನಂದರ ಅರ್ಧ ರೇಟು!

ನಿನ್ನಿ ತನಕ ನಾನು ಎಫ್‌ಎಫ್‌ಪಿ ಬಿಟ್ಟು ಮಾತಾಡ್ತಿದ್ದಿಲ್ಲ. ಇವತ್ತ ಹೇಳ್ತೀನಿ, ಬೇಟೆ ಕೆಲಸ ಇದ್ದವ್ರು ಎಸ್‌ಎಫ್‌ಪಿ ತಗೋರಿ, ನಡುವ ಕೆಂಪು ದೀಪದ ಚುಕ್ಕಿ ಇರೋದು. ಇದ್ರಾಗ ಗೆರಿ ಮ್ಯಾಲಿನ ಮಾರ್ಕಿನ ಅಳತಿ ಒಂದೇ ಜೂಮಿಗೆ ಸರಿ, ಬಹಳಷ್ಟು ಸ್ಕೋಪಿನ್ಯಾಗ ಎಲ್ಲಕ್ಕಿಂತ ಮ್ಯಾಲಿನ ಜೂಮಿಗೆ. ಖರೆ ಅದ. ಆದ್ರ ರೇಂಜಿನ್ಯಾಗ ಟೈಮ್ ಇರ್ತದಲ್ಲ, ಟರೆಟ್, ಅಂದ್ರ ಗುರಿ ಮ್ಯಾಲೆ ಕೆಳಗ, ಆ ಕಡಿ ಈ ಕಡಿ ಸರಸೋ ನಾಬ್, ತಿರುಗ್ಸಿ ಹೊಡೀರಿ, ಟರೆಟ್ ಯಾವ ಜೂಮಿನ್ಯಾಗೂ ಸುಳ್ಳು ಹೇಳಂಗಿಲ್ಲ. ಅದರ ಅಳತಿ ಮಿಲ್ ಇಲ್ಲಾ ಎಂಓಎ, ಎರಡೂ ಕೋನದ ಅಳತಿನೇ. 0.1 ಮಿಲ್ ಕ್ಲಿಕ್ ಅಂದ್ರ 100 ಮೀಟರಿಗೆ 1 ಸೆಂಟಿಮೀಟರ್, ಕಾಲು ಎಂಓಎ ಅಂದ್ರ ಸುಮಾರು 7 ಮಿಲಿಮೀಟರ್. ಗೆರಿ ಮಿಲ್ ಇದ್ರ ಟರೆಟ್ಟೂ ಮಿಲ್ಲೇ ಇರ್ಲಿ, ಗೆರಿಗೆ ಮಿಲ್, ಟರೆಟ್ಟಿಗೆ ಎಂಓಎ ಕೊಡೋ ಸ್ಕೋಪ್ ಇನ್ನೂ ಮಾರ್ತಾರ, ಮುಟ್ಟಬ್ಯಾಡ್ರಿ.

ಅತ್ತಿ ಮಗನಿಗೆ ಕಳಿಸಿದ ಮೆಸೇಜ್ ಸ್ಕ್ರೀನ್ ಮ್ಯಾಲ ಹಾಕೀನಿ. 3-12 ಅಥವಾ ಅದರ ಆಸುಪಾಸು, 44ರಿಂದ 50 ಒಳಗಿನ ಗ್ಲಾಸ್, ಸೈಡ್ ಪ್ಯಾರಲಾಕ್ಸ್. ಮ್ಯಾಲಿನ ಟರೆಟ್ ಹೊರಗಿರ್ಲಿ ಆದ್ರ ಲಾಕ್ ಮತ್ತ ಜೀರೋ ಸ್ಟಾಪ್ (ತಿರುಗ್ಸಿದ್ದನ್ನ ವಾಪಸ್ ಜೀರೋಕ್ಕ ತಂದಾಗ ಅಲ್ಲೇ ನಿಲ್ಸೋ ತಡಿ) ಬೇಕು, ಬಾಜೂದ್ದಕ್ಕ ಮುಚ್ಚಳ ಇರ್ಲಿ, ಗುಡ್ಡ ಹತ್ತುವಾಗ ಚೀಲಕ್ಕ ಉಜ್ಜಿ ತಿರುಗಬಾರ್ದು. ಸ್ಕೋಪಿನ ನಡುವಿನ ಟ್ಯೂಬು 30 ಎಂಎಂ ದಪ್ಪ ಇದ್ರ ಬೆಳಕ್ ಜಾಸ್ತಿ ಬರ್ತದ ಅಂತಾರ, ಇಲ್ಲ, ಟರೆಟ್ ತಿರುಗ್ಲಿಕ್ಕ ಜಾಗ ಜಾಸ್ತಿ ಸಿಗ್ತದ, ಅಷ್ಟ. ಕಣ್ಣಿಗೂ ಗ್ಲಾಸಿಗೂ ಮೂರೂವರಿ ಇಂಚು ಆದ್ರೂ ಅಂತರ ಇರ್ಲೇಬೇಕು, .308 ಒದ್ದಾಗ ಹುಬ್ಬು ಹರೀತದ. ಮತ್ತ ತೂಕ! ರೇಂಜಿನ ಸ್ಕೋಪ್ ಒಂದು ಕಿಲೋ ಸಮೀಪ ಬರ್ತಾವ, ಟೇಬಲ್ ಮ್ಯಾಲ ಇಟ್ಟು ಹೊಡಿಯೋರಿಗೆ ನಡೀತದ, ದಿನಪೂರ್ತಿ ಹೆಗಲ ಮ್ಯಾಲ ಹೊರೋನಿಗೆ ನಡಿಯಂಗಿಲ್ಲ.

ಇನ್ನೊಂದು, ರೊಕ್ಕದಾಗ ಒಂದು ಪಾಲು ಬೈನಾಕ್ಯುಲರಿಗೆ ತೆಗೆದಿಡು ಅಂತ ಹೇಳೀನಿ, 8x42 ಸಾಕು. ದೂರ ಏನೋ ಅಲುಗಾಡ್ತು ಅಂತ ರೈಫಲ್ ಎತ್ತಿ ಸ್ಕೋಪಿನ್ಯಾಗ ನೋಡೋ ಮಂದಿ ಇದ್ದಾರ, ನನಗ ಭಾಳ ಸಿಟ್ಟು ಬರ್ತದ. ಅಲ್ಲಿ ಇರೋದು ಪ್ರಾಣಿನೋ, ಕಟ್ಟಿಗಿ ಆರಸ್ಲಿಕ್ಕ ಬಂದ ಮನುಷ್ಯನೋ, ಗೊತ್ತಾಗೋಕಿಂತ ಮೊದ್ಲೇ ನಳಿಗಿ ಅವನ ಕಡಿ ತಿರುಗಿರ್ತದ. ಇಲ್ಲೂ ಅಷ್ಟೇ, ಚಿಗರಿ ಬಂದ್ರ ನಾನು ರೈಫಲ್ ಖಾಲಿ ಮಾಡಿ ಕೆಳಗಿಟ್ಟು ಬೈನಾಕ್ಯುಲರ್ ತಗೋತೀನಿ.

ಫೋನ್ ಚಾರ್ಜ್ ಮುಗೀಲಿಕತ್ತದ. ಟರೆಟ್ ತಿರುಗ್ಸಿ ನಾಕು ಮೂಲಿಗೆ ಹೊಡೆದು ವಾಪಸ್ ಅದೇ ತೂತಿಗೆ ಬರ್ತದೇನು ಅಂತ ನೋಡೋ ಬಾಕ್ಸ್ ಟೆಸ್ಟ್ ಬಾಕಿ ಉಳೀತು, ಅದನ್ನ ಎರಡೂ ಸ್ಕೋಪಿಗೆ ಗೋಡೌನಿನ್ಯಾಗೇ ಮಾಡಿ ಹಾಕ್ತೀನಿ. ನಿಮ್ಮ ಹತ್ರ ಯಾವ ಮೌಂಟ್ ಅದ, ಪಿನ್ ಇರೋದೋ ಇಲ್ಲದ್ದೋ, ಬರೀರಿ. ಆ ಲೇತ್ ಉಸ್ತಾದರನ್ನ ಕೇಳೀನಿ, ಬೇಕಾದವ್ರಿಗೆ ಪಿನ್ ಮಾಡಿ ಕೊಡ್ತಾರಂತ.