ಊರು ನಮಗೆ ಕೆಲಸ ಹೇಳಿದಾಗ

ಎಲ್ಲರಿಗೂ ನಮಸ್ಕಾರ.

ಒಂದು ಜಾಗ ನಮ್ಮದು ಅಂತ ಯಾವಾಗ ಅನಿಸುತ್ತದೆ ಎಂಬ ಬಗ್ಗೆ ಮಾತಾಡಿ ಅಂದಿದ್ದೀರಿ. ಚಿಕ್ಕಮಗಳೂರಿನಲ್ಲಿ ನಿಂತು ಇದನ್ನು ಮಾತಾಡುವುದು ಸ್ವಲ್ಪ ಕಷ್ಟವೇ. ಗಿರಿ ಹತ್ತುವ ದಾರಿಯಲ್ಲಿ, ಮೂಡಿಗೆರೆ ರಸ್ತೆಯಲ್ಲಿ, ಎಲ್ಲಿ ನೋಡಿದರೂ ಹೋಂಸ್ಟೇ ಬೋರ್ಡು. ‘ನಿಮ್ಮ ಮನೆಯ ಹಾಗೇ’ ಅನ್ನುವ ಭರವಸೆ ಬೇರೆ. ಸುಳ್ಳೇನಲ್ಲ ಬಿಡಿ. ಅಕ್ಕಿರೊಟ್ಟಿ ಇರುತ್ತದೆ, ಕಡುಬು ಇರುತ್ತದೆ, ಹಂಡೆ ತುಂಬ ಬಿಸಿನೀರು ಇರುತ್ತದೆ. ಆದರೆ ಹಂಡೆ ಒಲೆಗೆ ಸೌದೆ ತುಂಬಿ ಅಂತ ನಿಮಗೆ ಯಾರೂ ಹೇಳಲ್ಲ. ಭಾನುವಾರ ನೀವು ಹೊರಟರೆ ಆ ಮನೆಯಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಅದಕ್ಕೇ ನೀವು ಅಲ್ಲಿ ನೆಂಟರು.

ನನ್ನ ಮಾತು ಇಷ್ಟೇ. ಊರು ನಿಮಗೆ ಏನು ಕೊಟ್ಟಿತು ಅನ್ನುವುದಕ್ಕಿಂತ ನಿಮ್ಮಿಂದ ಏನು ಕೇಳಿತು ಅನ್ನುವುದು ಮುಖ್ಯ.

ನಾನು ಕಡೂರು ಕಡೆಯವನು. ಇದೇ ಜಿಲ್ಲೆ, ಆದರೆ ರಾಗಿ ಹೊಲ, ತೆಂಗಿನ ತೋಟ, ಮಳೆಗೆ ಮುಖ ಎತ್ತಿ ಕಾಯುವ ಸೀಮೆ. ಮೂಡಿಗೆರೆ ಕಡೆಯ ಶಾಲೆಗೆ ಮೇಷ್ಟ್ರಾಗಿ ಹಾಕಿದಾಗ ಜೂನ್ ತಿಂಗಳು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಕಾಲಿಗೆ ರಕ್ತ ಹೀರುವ ಉಂಬಳ. ಜನ ಮಾತ್ರ ಬಹಳ ಒಳ್ಳೆಯವರು. ‘ಬನ್ನಿ ಮೇಷ್ಟ್ರೇ, ಕಾಫಿ ಕುಡೀರಿ’ ಅಂತ ಕರೆಯದ ಮನೆಯಿಲ್ಲ. ಆ ಮರ್ಯಾದೆಯೇ ನನ್ನನ್ನು ಹೊರಗಿನವನಾಗಿ ಇಟ್ಟಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ.

ಆಮೇಲೊಂದು ಜನವರಿ. ಪಕ್ಕದ ಮನೆಯವರು ಮದುವೆಗೆ ಹೊರಟಿದ್ದರು. ಕಣದಲ್ಲಿ ಕಾಫಿ ಹರಡಿತ್ತು. ಒಣಗಲು ಹಾಕಿದ ಕಾಫಿಗೆ ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ಬೆಲೆ ಬೀಳುತ್ತದೆ. ಅದು ನಿಮಗೆ ಗೊತ್ತಿರೋದೇ. ಗೇಟಿನಲ್ಲಿ ನಿಂತು, ‘ಮೇಷ್ಟ್ರೇ, ಮೋಡ ಕಟ್ಟಿದ್ರೆ ಟಾರ್ಪಾಲ್ ಎಳೆದುಬಿಡಿ’ ಅಂದರು, ಜೀಪು ಹತ್ತಿದರು. ಅವರಿಗೆ ಕೇಳಲು ಸಂಕೋಚವೇ ಇರಲಿಲ್ಲ. ಮಧ್ಯಾಹ್ನವಿಡೀ ನಾನು ಆಕಾಶ ನೋಡುತ್ತಾ ಕೂತೆ. ಒಂದು ಹನಿಯೂ ಬೀಳಲಿಲ್ಲ! ಆದರೆ ಆವತ್ತಿನಿಂದ ಆ ಊರಿನ ಮಳೆ ನನಗೂ ಸಂಬಂಧಪಟ್ಟಿತು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದಾಗ ‘ನಿಮ್ಮ ಕಡೆ ಎಷ್ಟು ಸೆಂಟ್ಸ್ ಮಳೆ ಆಯ್ತು?’ ಅಂತ ನಾನೇ ಕೇಳಲು ಶುರು ಮಾಡಿದ್ದೆ. ಅಂಗೈ ಅಗಲ ತೋಟ ಇಲ್ಲದವನು!

ಇದು ಒಬ್ಬನ ಕಥೆ. ಇಡೀ ಹಳ್ಳಿಯೇ ಜಾಗ ಬದಲಿಸಿದರೆ? ನಮ್ಮ ಜಿಲ್ಲೆಯಲ್ಲೇ ಅದು ನಡೆದಿದೆ. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಹೊತ್ತಿಗೆ ಹೊರಗೆ ಬಂದವು. ಹೆಚ್ಚಿನವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಜಮೀನು ಸಿಕ್ಕಿತು. ಕಾಡಲ್ಲಿ ಬೆಳೆದದ್ದು ಪ್ರಾಣಿಗಳ ಪಾಲಾಗುತ್ತಿತ್ತು, ಆಸ್ಪತ್ರೆ ದೂರ. ಹಾಗಾಗಿ ಎಷ್ಟೋ ಜನ ತಾವೇ ಹೊರಗೆ ಬರಲು ಒಪ್ಪಿದ್ದರು. ಹೊಸ ಜಾಗದಲ್ಲಿ ನೀರಾವರಿ ಇತ್ತು. ಸರ್ಕಾರದ ಕಡತಕ್ಕೆ ಅಲ್ಲಿಗೆ ಕೆಲಸ ಮುಗಿಯಿತು. ಊರಾಗುವ ಕೆಲಸ ಶುರುವಾಗುವುದೇ ಅಲ್ಲಿಂದ. ಕಾಲುವೆ ನೀರು ಅಂದಮೇಲೆ ಪಾಳಿ ಇರುತ್ತದೆ, ಪಾಳಿ ಅಂದಮೇಲೆ ಜಗಳ ಇರುತ್ತದೆ. ಜಗಳ ಬಿಡಿಸಲು ನಾಲ್ಕು ಜನ ಕೂರಬೇಕು. ಆ ನಾಲ್ಕು ಜನ ಯಾರು ಅಂತ ತೀರ್ಮಾನವಾದ ದಿನ ಅದು ಊರು ಅಂತ ನಾನು ಹೇಳುತ್ತೇನೆ.

ಇದನ್ನೆಲ್ಲ ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಜೊತೆಯ ಟೀಚರೊಬ್ಬರು ನಕ್ಕರು. ‘ಮದುವೆಯಾಗಿ ಬಂದ ಮಾರನೇ ದಿನವೇ ಹಂಡೆ ಒಲೆ ನನ್ನ ಪಾಲಿಗೆ ಬಂತು ಸಾರ್. ಅವತ್ತೇ ಅದು ನನ್ನ ಮನೆ ಆಗಿಬಿಡ್ತಾ?’ ಅಂದರು. ಮತ್ತೆ ಯಾವಾಗ ಆಯ್ತು ಅಂತ ಕೇಳಿದೆ. ‘ಇವತ್ತು ನನ್ನ ಕೈಲಾಗಲ್ಲ ಅತ್ತೆ, ನೀವೇ ಹಚ್ಚಿ ಅನ್ನೋಕೆ ಧೈರ್ಯ ಬಂದಾಗ’ ಅಂದರು.

ಅವರು ಹೇಳಿದ್ದೇ ಸರಿ. ಕೆಲಸ ಹೇಳಿಸಿಕೊಂಡರೆ ಸಾಲದು. ಆಗಲ್ಲ ಅನ್ನಲೂ ಬರಬೇಕು, ತಿರುಗಿ ಕೇಳಲೂ ಬರಬೇಕು.

ಇಲ್ಲಿ ತೋಟದ ಮಾಲೀಕರೂ ಇದ್ದೀರಿ, ಅದಕ್ಕೇ ಒಂದು ಮಾತು. ದೊಡ್ಡ ತೋಟಗಳ ಕಾರ್ಮಿಕರಿಗೆ ಮಾಲೀಕರೇ ಮನೆ ಕೊಡಬೇಕು ಅಂತ 1951ರಲ್ಲೇ ಕಾಯ್ದೆ ಬಂತು. ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಗಳಲ್ಲಿ ಹುಟ್ಟಿ, ಬೆಳೆದು, ಮೊಮ್ಮಕ್ಕಳನ್ನು ಕಂಡವರಿದ್ದಾರೆ. ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರ ದುಡಿಮೆ ಇಲ್ಲದೆ ಒಂದು ಗಿಡದ ಹಣ್ಣೂ ಇಳಿಯಲ್ಲ. ಆದರೂ ಅಂಗಳದಲ್ಲಿ ಕರಿಬೇವಿನ ಗಿಡ ನೆಡಬೇಕಾದರೆ ತೋಟದ ಮೇಲ್ವಿಚಾರಕ ರೈಟರನ್ನು ಕೇಳಬೇಕು. ಕೆಲಸ ಬಿಟ್ಟರೆ ಮನೆಯೂ ಹೋಯಿತು. ಸುಗ್ಗಿ ಹಬ್ಬ ಬಂದರೆ ಊರೆಲ್ಲ ಸುತ್ತಿ ಚಂದಾ ಎತ್ತುತ್ತೇವೆ, ಲೈನ್ ಮನೆಗೆ ಮಾತ್ರ ಹೋಗಲ್ಲ. ‘ಪಾಪ, ಅವರ ಹತ್ರ ಏನಿದೆ’ ಅನ್ನುತ್ತೇವೆ. ಅದು ಕರುಣೆ ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ?

ಈ ವರ್ಷ ಚಂದಾ ಪುಸ್ತಕ ಹಿಡಿದು ಅಲ್ಲಿಗೂ ಹೋಗಿ. ಹತ್ತು ರೂಪಾಯಿ ಕೊಟ್ಟರೂ ರಸೀದಿ ಹರಿದುಕೊಡಿ. ಹಬ್ಬ ಮುಗಿದ ಮೇಲೆ ಅವರಲ್ಲಿ ಯಾರಾದರೂ ಎದ್ದು ನಿಂತು ಖರ್ಚಿನ ಲೆಕ್ಕ ಕೇಳಿದರೆ ಕೋಪ ಮಾಡಿಕೊಳ್ಳಬೇಡಿ, ಓದಿ ಹೇಳಿ.