ಮೂರು ಕೀಲಿಯ ಪೆಟ್ಟಿಗೆ

ಕೇಳುಗರೇ, ನಮಸ್ಕಾರ.

ನಮ್ಮ ಆಯಿ ರೊಕ್ಕ ಇಡುತ್ತಿದ್ದದ್ದು ಜೋಳದ ಗುಮ್ಮಿಯಲ್ಲಿ. ಮೊಸರು ಮಾರಿ ಬಂದ ಚಿಲ್ಲರೆಯನ್ನು ಹಳೆ ಅರಿವೆಯ ಚೂರಿನಲ್ಲಿ ಗಂಟು ಕಟ್ಟುತ್ತಿದ್ದಳು. ಕಾಳಿನೊಳಗೆ ಮೊಳಕೈತನಕ ಕೈ ಇಳಿಸಿ ಅದನ್ನು ಹುದುಗಿಸುತ್ತಿದ್ದಳು. ಎರಡು ರೂಪಾಯಿ, ಮೂರು ರೂಪಾಯಿಯ ಗಂಟು ಅದು. "ಬ್ಯಾಂಕಿಗೆ ಹಾಕಬಾರದಾ ಆಯಿ?" ಅಂತ ನಾನು ಕೇಳಿದರೆ, "ಇಷ್ಟಕ್ಕ ಅವರು ಪುಸ್ತಕ ತೆಗೀತಾರೇನು, ನಕ್ಕಾರು" ಅನ್ನುತ್ತಿದ್ದಳು.

ಸಣ್ಣ ರೊಕ್ಕದ ಈ ನಾಚಿಕೆಯನ್ನು ಮೊದಲು ಅರ್ಥ ಮಾಡಿಕೊಂಡವರಲ್ಲಿ ಒಬ್ಬರ ಕಥೆಯನ್ನು ಇವತ್ತು ಹೇಳಬೇಕು. ಅದು ಸ್ಕಾಟ್ಲೆಂಡಿನ ರತ್‌ವೆಲ್ ಎಂಬ ಹಳ್ಳಿಯ ಕಥೆ. ಅಲ್ಲಿಂದ ಹೊರಟು ನಮ್ಮ ಗದಗ ತಾಲ್ಲೂಕಿಗೇ ಬರೋಣ.

ರತ್‌ವೆಲ್ಲಿನಲ್ಲಿ ಒಂದು ಸಣ್ಣ ಮನೆ ಇದೆ. 1810ರಲ್ಲಿ ಅಲ್ಲಿ ಬಡವರಿಗಾಗಿ ಒಂದು ಉಳಿತಾಯ ಬ್ಯಾಂಕು ಶುರುವಾಯಿತು. ಶುರು ಮಾಡಿದವರು ಆ ಊರಿನ ಚರ್ಚಿನ ಪಾದ್ರಿ ಹೆನ್ರಿ ಡಂಕನ್. ಈಗ ಆ ಮನೆಯೇ ಮ್ಯೂಸಿಯಂ.

ಡಂಕನ್ ಪಾದ್ರಿಯಾಗುವ ಮೊದಲು ಲಿವರ್‌ಪೂಲಿನ ಒಂದು ಬ್ಯಾಂಕಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದರು. ಆ ಕೆಲಸ ಒಗ್ಗಲಿಲ್ಲ, ಬಿಟ್ಟರು. ಆದರೆ ಲೆಕ್ಕ ಕೈಯಲ್ಲಿ ಉಳಿಯಿತು. ರತ್‌ವೆಲ್ಲಿಗೆ ಬಂದಾಗ ಅವರಿಗೆ ಕಂಡದ್ದು ಕೂಲಿ ಜನ, ಬಡ ಒಕ್ಕಲು ಮನೆಗಳು. ಅಲ್ಲಿನ ದೊಡ್ಡ ಬ್ಯಾಂಕುಗಳಲ್ಲಿ ಖಾತೆ ತೆಗೆಯಲು ಕಡಿಮೆ ಅಂದರೂ 10 ಪೌಂಡು ಬೇಕಿತ್ತು. ಡಂಕನ್ ತಮ್ಮ ಬ್ಯಾಂಕಿಗೆ ಆರು ಪೆನ್ನಿ ಸಾಕು ಅಂದರು. ಆಗಿನ ಲೆಕ್ಕದಲ್ಲಿ ಒಂದು ಪೌಂಡಿಗೆ ಇಂಥ ಆರಾರು ಪೆನ್ನಿ 40 ಸಲ ಸೇರಬೇಕು. 10 ಪೌಂಡಿಗೆ 400 ಸಲ! ಹೊಸ್ತಿಲನ್ನು ಅವರು ಎಷ್ಟು ಕೆಳಗೆ ಇಳಿಸಿದರು ನೋಡಿ. ನಮ್ಮ ಆಯಿ ಎಡವದೆಯೇ ಒಳಗೆ ಹೋಗಬಹುದಿತ್ತು.

ಒಬ್ಬೊಬ್ಬರ ಚಿಲ್ಲರೆಯನ್ನೂ ಕೂಡಿಸಿ, ಡಂಫ್ರೀಸ್ ಪಟ್ಟಣದ ದೊಡ್ಡ ಬ್ಯಾಂಕಿನಲ್ಲಿ ಶೇಕಡಾ 5ರ ಬಡ್ಡಿಗೆ ಇಟ್ಟರು. ಒಬ್ಬ ಕೂಲಿಯವನಿಗೆ ಸಿಗದ ಬಡ್ಡಿ ಊರಿಗೆಲ್ಲ ಸೇರಿ ಸಿಕ್ಕಿತು. ಮೊದಲ ವರ್ಷದ ಒಟ್ಟು ಠೇವಣಿ 151 ಪೌಂಡು. ಕೆಲವೇ ವರ್ಷಗಳಲ್ಲಿ ಇಂಥ ಬ್ಯಾಂಕುಗಳು ಬ್ರಿಟನ್ನಿನ ತುಂಬ ಹಬ್ಬಿದವು. 1817ರಲ್ಲಿ ಅವಕ್ಕಾಗಿಯೇ ಕಾನೂನು ಬಂತು.

ಈಗ ಆ ಪೆಟ್ಟಿಗೆಯ ಮಾತು. ಆ ಮ್ಯೂಸಿಯಂನಲ್ಲಿ ಬ್ಯಾಂಕಿನ ಹಳೆಯ ರೊಕ್ಕದ ಪೆಟ್ಟಿಗೆ ಇದೆ. ಅದಕ್ಕೆ ಮೂರು ಕೀಲಿ. ಮೂರಕ್ಕೂ ಬೇರೆ ಬೇರೆ ಕೀಲಿಕೈ, ಮೂವರು ಬೇರೆ ಬೇರೆ ಜನರ ಹತ್ತಿರ. ಮೂವರೂ ಬಂದರೆ ಮಾತ್ರ ಪೆಟ್ಟಿಗೆ ತೆರೆಯುತ್ತದೆ. ಪಾದ್ರಿಯನ್ನು ಊರೇ ನಂಬಿತ್ತು, ಅಲ್ವಾ? ಒಂದೇ ಕೀಲಿ ಹಾಕಿ ಅವರ ಕೈಗೆ ಕೊಟ್ಟಿದ್ದರೂ ಯಾರೂ ಬೇಡ ಅನ್ನುತ್ತಿರಲಿಲ್ಲವೇನೋ. ಆದರೂ ಮೂರು ಇಟ್ಟರು. ಮೂರು ಕೀಲಿ ಇದ್ದಾಗ ಕೀಲಿಕೈ ಹಿಡಿದವನ ಮೇಲೂ ಯಾರೂ ಬೆರಳು ತೋರಿಸುವಂತಿಲ್ಲ. ಊರೊಳಗಿನ ನಂಟು ಕೆಡುವುದಿಲ್ಲ. ನನಗೆ ಆ ಪೆಟ್ಟಿಗೆ ತುಂಬ ಇಷ್ಟವಾಗುವುದು ಇದಕ್ಕೇ.

ಎಲ್ಲವೂ ಇಷ್ಟವಾಗುತ್ತದೆ ಅಂತಲ್ಲ. ಖಾತೆ ತೆಗೆಯುವ ಮೊದಲು ಆ ಮನುಷ್ಯನ ಮನೆತನ, ನಡತೆ ಹೇಗೆ ಅಂತ ವಿಚಾರಿಸುವ ಪದ್ಧತಿ ಅಲ್ಲಿತ್ತು. ತನ್ನದೇ ದುಡಿಮೆಯ ರೊಕ್ಕ ಇಡಲು ಬಂದವನಿಗೆ ಇದೆಲ್ಲ ಯಾಕೆ ಬೇಕು? ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಿರಬಹುದು. ಆದರೆ ಬಡವರಿಗೆ ಉಪಕಾರ ಮಾಡುವವರು ಅವರ ಮನೆಯೊಳಗೆ ಇಣುಕುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಇದೇ ಡಂಕನ್, ರತ್‌ವೆಲ್ಲಿನಲ್ಲಿ ಒಡೆದು ಬಿದ್ದಿದ್ದ ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಶಿಲುಬೆಯ ತುಂಡುಗಳನ್ನು ಹುಡುಕಿ, ಜೋಡಿಸಿ ನಿಲ್ಲಿಸಿದರು. ಚೂರುಗಳನ್ನು ಕೂಡಿಸುವುದು ಅವರ ಸ್ವಭಾವವೇ ಆಗಿತ್ತು ಅನಿಸುತ್ತದೆ.

ಇನ್ನು ನಮ್ಮ ಕಡೆ ಬರೋಣ. ಗದಗ ತಾಲ್ಲೂಕಿನ ಕಣಗಿನಹಾಳ. ನಾನು ಹೇಳುವುದು 1905ರ ಸುಮಾರಿನ ಮಾತು. ಆಗ ಗದಗ ಜಿಲ್ಲೆ ಇರಲಿಲ್ಲ, ಅದು ಆದದ್ದು 1997ರಲ್ಲಿ. ಆಗ ಇದು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ನಮ್ಮ ಎರೆ ಹೊಲದ ರೈತನಿಗೆ ಉಳಿಸಲು ಏನೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಸಾಲ. ಮಳೆಯಾಗಿ ಹದ ಬಂದ ಕೂಡಲೇ ಬೀಜ ಬೀಳಬೇಕು. ಕೈಯಲ್ಲಿ ರೊಕ್ಕ ಇಲ್ಲ. ಸಾವಕಾರನ ಬಾಗಿಲಿಗೆ ಹೋಗಬೇಕು, ಅವನು ಹೇಳಿದ ಬಡ್ಡಿಗೆ ಒಪ್ಪಬೇಕು, ಹೊಲ ಅಡವಿಡಬೇಕು. 1876ರಿಂದ 78ರ ಬರ ಈ ಭಾಗವನ್ನು ಹಿಂಡಿಹಾಕಿತ್ತು. ಅದಕ್ಕೂ ಮೊದಲು, 1875ರಲ್ಲಿ, ಪುಣೆ, ಅಹ್ಮದ್‌ನಗರದ ಕಡೆ ರೈತರು ಎದ್ದು ಸಾವಕಾರರ ಸಾಲಪತ್ರಗಳನ್ನು ಸುಟ್ಟಿದ್ದರು.

1904ರಲ್ಲಿ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದಿತು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ ಕಟ್ಟಬಹುದು. ಮರುವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ರೈತರನ್ನು ಕೂಡಿಸಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾದದ್ದು ಅದೇ. ನಾಡಿನ ಸಹಕಾರ ಚಳವಳಿಯ ಪಿತಾಮಹ ಅಂತ ಪಾಟೀಲರನ್ನು ಇವತ್ತಿಗೂ ನೆನೆಯುತ್ತೇವೆ.

ಆಗಿನ ಹಳ್ಳಿ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಇದನ್ನು ಸ್ವಲ್ಪ ನಿಂತು ಯೋಚಿಸಿ. ಒಬ್ಬ ಸಾಲ ತೀರಿಸದೆ ಸಂಘ ಮುಳುಗಿದರೆ, ಆ ಸಾಲಕ್ಕೆ ಎಲ್ಲರೂ ಹೊಣೆ. ನನ್ನ ಹೊಲ, ನನ್ನ ಎತ್ತು ಕೂಡ ಅದರಲ್ಲಿ ಸೇರಿದವು. ಹಾಗಿದ್ದೂ ಜನ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಬಾಜೂ ಹೊಲದವನು ಎಂಥವನು ಅನ್ನುವುದು ಅವರಿಗೆ ಗೊತ್ತಿತ್ತು. ಎಂಥ ಬರ ಬಂದರೂ ಅವನು ಓಡಿಹೋಗುವವನಲ್ಲ ಅಂತ ನಂಬಿದ್ದರು. ರತ್‌ವೆಲ್ಲಿನಲ್ಲಿ ಮೂವರ ಕೈಯಲ್ಲಿ ಕೀಲಿಕೈ ಇತ್ತು. ಇಲ್ಲಿ ಪ್ರತಿಯೊಬ್ಬ ಸದಸ್ಯನ ಸೊಂಟದಲ್ಲೂ ಒಂದೊಂದು ಇದ್ದ ಹಾಗೆ.

ರತ್‌ವೆಲ್ಲಿನವರು ಪೆಟ್ಟಿಗೆ ಇಟ್ಟುಕೊಂಡರು, ಮನೆ ಉಳಿಸಿಕೊಂಡರು. ನಮ್ಮ ಹಳ್ಳಿಗಳ ಸೊಸೈಟಿಗಳಲ್ಲಿ ಏನಾಗುತ್ತಿದೆ? ಹೊಸ ಕಟ್ಟಡ ಬಂದಾಗ ಹಳೆ ಟಿಜೋರಿ ಗುಜರಿಗೆ ಹೋಗುತ್ತದೆ. ಕೀರ್ದಿ, ಖಾತಾವಣಿ, ಷೇರು ರಜಿಸ್ಟರು ಎಲ್ಲ ರದ್ದಿಗೆ ಹೋಗುತ್ತವೆ. ಅರಸರ ಶಾಸನ ಸಿಕ್ಕರೆ ಊರೆಲ್ಲ ಕೂಡುತ್ತದೆ, ಕೂಡಲೇಬೇಕು. ಆದರೆ ನಮ್ಮ ಅಜ್ಜ ಯಾವ ವರ್ಷ ಹೆಸರು ಬಿತ್ತಿದ, ಯಾವ ವರ್ಷ ಎತ್ತು ಕೊಂಡ, ಯಾರು ಅವನಿಗೆ ಜಾಮೀನು ನಿಂತರು, ಇದು ಯಾವ ಕಲ್ಲಿನ ಮೇಲೂ ಇಲ್ಲ. ಇರುವುದು ಆ ರದ್ದಿಯಲ್ಲೇ. ನಿಮ್ಮ ಊರ ಸೊಸೈಟಿಯಲ್ಲಿ ಇಂಥ ಪುಸ್ತಕ ಇನ್ನೂ ಉಳಿದಿದ್ದರೆ, ದಯವಿಟ್ಟು ಕಾರ್ಯದರ್ಶಿಯವರನ್ನು ಕೇಳಿ ನೋಡಿ. ಒಂದು ಕಪಾಟು ಸಾಕು. ಗೋಡೆಗೆ ತೇವ ಇರಬಾರದು, ಗೆದ್ದಲು ಹತ್ತಬಾರದು, ಅಷ್ಟೇ.

ಒಂದು ಸೊಸೈಟಿಯ ಹಳೆ ಕೋಣೆ ಕೆಡವುವಾಗ ನಾನು ಅಲ್ಲಿದ್ದೆ. ಹೊರಗೆ ರಾಶಿ ಬಿದ್ದ ಕಾಗದದಲ್ಲಿ ಅರ್ಧ ಇಲಿ ತಿಂದಿದ್ದವು. ಎರಡು ರಜಿಸ್ಟರು ಕೇಳಿ ತಂದೆ. ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಅದರಲ್ಲಿ ಒಂದು ಪುಟ ಇದೆ. ಯಾರೋ ಹೆಣ್ಣುಮಗಳು ಒಂದು ಷೇರಿನ ರೊಕ್ಕವನ್ನು ಹತ್ತು ಕಂತಿನಲ್ಲಿ ಕಟ್ಟಿದ್ದಾಳೆ, ಒಂದೊಂದು ರೂಪಾಯಿಯಂತೆ. ಕಂತು ಕಟ್ಟಿದಾಗಲೆಲ್ಲ ಒಂದು ಹೆಬ್ಬೆಟ್ಟು. ನೀರು ಬಿದ್ದು ಮಸಿ ಹರಡಿ ಅವಳ ಹೆಸರು ಈಗ ಓದಲು ಬರುವುದಿಲ್ಲ. ಹತ್ತು ಹೆಬ್ಬೆಟ್ಟೂ ಹಾಗೇ ಇವೆ, ಗೆರೆ ಗೆರೆ ಕಾಣುತ್ತವೆ.

ನಮಸ್ಕಾರ.