ವಾಹಕತಾ ಮಾಪಕವನ್ನು ಅಳತೆಗೆ ಸಜ್ಜುಗೊಳಿಸುವ ಬಗೆ

ಕೇಳುಗ ಬಾಂಧವರೇ, ನಮಸ್ಕಾರ. ಕೊಳವೆಬಾವಿಯ ನೀರಿನಲ್ಲಿ, ಹೊಲದ ಮಣ್ಣಿನಲ್ಲಿ ಕರಗಿರುವ ಲವಣಗಳ ಪ್ರಮಾಣವನ್ನು, ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ (ಅದೇ ವಾಹಕತೆ) ಎಂಬುದರಿಂದ ಅಂದಾಜು ಮಾಡಲು ಬಳಸುವ ಉಪಕರಣವೇ ವಿದ್ಯುತ್ ವಾಹಕತಾ ಮಾಪಕ. ಪ್ರಯೋಗಾಲಯಗಳಲ್ಲಿ ಇದನ್ನು ಇ.ಸಿ. ಮೀಟರ್ ಎಂದೇ ಕರೆಯುತ್ತಾರೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರ, ಜೇವರ್ಗಿ ಭಾಗದ ಎರೆಭೂಮಿಯಲ್ಲಿ ನೀರು ಬಸಿಯದೆ ನಿಂತ ಕಡೆ ಉಪ್ಪು ಮೇಲೇಳುವುದರಿಂದ, ಈ ಮೀಟರು ತೋರಿಸುವ ಅಂಕಿಯ ಮೇಲೆ ರೈತರ ಬೆಳೆಯ ಆಯ್ಕೆಯೇ ನಿಂತಿರುತ್ತದೆ.

ಮೀಟರಿನ ಸೆಲ್‌ನಲ್ಲಿ, ಅಂದರೆ ನೀರಿನಲ್ಲಿ ಅದ್ದುವ ಭಾಗದಲ್ಲಿ, ವಿದ್ಯುತ್ ಹಾಯಿಸುವ ಎರಡು ವಿದ್ಯುದ್ವಾರಗಳಿರುತ್ತವೆ. ಅವುಗಳ ನಡುವಿನ ಅಂತರವನ್ನು ಅವುಗಳ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಸೆಲ್ ಸ್ಥಿರಾಂಕ. ನಮ್ಮ ಬಾವಿ ನೀರಿಗೆ ಸ್ಥಿರಾಂಕ 1 ಇರುವ ಸೆಲ್ ಸಾಕು. ಬಟ್ಟಿ ಇಳಿಸಿದ ನೀರಿನಂಥ ಶುದ್ಧ ನೀರಿಗೆ 0.1ರ ಸೆಲ್ ಬೇಕಾಗುತ್ತದೆ. ಬಳಸುತ್ತ ಹೋದಂತೆ ಈ ಸ್ಥಿರಾಂಕ ಬದಲಾಗುವುದರಿಂದ, ಅದನ್ನು ಗೊತ್ತಿರುವ ದ್ರಾವಣವೊಂದರಿಂದ ಆಗಾಗ ಸರಿಪಡಿಸಬೇಕು. ಅದಕ್ಕಾಗಿ, ಒಣಗಿಸಿದ ಪೊಟ್ಯಾಸಿಯಂ ಕ್ಲೋರೈಡನ್ನು 0.7456 ಗ್ರಾಂ ತೂಗಿ, ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರಿಗೆ ತಂದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ವಾಹಕತೆ ಸೆಂಟಿಮೀಟರಿಗೆ 1413 ಮೈಕ್ರೊಸೀಮೆನ್ಸ್ ಇರುತ್ತದೆ.

ಸೆಲ್ಲನ್ನು ಮೊದಲು ಬಟ್ಟಿ ಇಳಿಸಿದ ನೀರಿನಿಂದಲೂ, ಆಮೇಲೆ ಅದೇ ದ್ರಾವಣದ ಸ್ವಲ್ಪ ಭಾಗದಿಂದಲೂ ತೊಳೆದು, ಹೊಸದಾಗಿ ಸುರಿದ ದ್ರಾವಣದಲ್ಲಿ ಸೆಲ್ಲಿನ ಮೇಲ್ಭಾಗದ ರಂಧ್ರಗಳು ಮುಳುಗುವಷ್ಟು ಇಳಿಸಿ, ಒಳಗೆ ಸಿಕ್ಕಿದ ಗಾಳಿಗುಳ್ಳೆ ಹೊರಬರುವಂತೆ ಮೆಲ್ಲನೆ ತಟ್ಟಬೇಕು. ಬಳಸಿದ ದ್ರಾವಣವನ್ನು ಬಾಟಲಿಗೆ ಮರಳಿ ಸುರಿಯುವುದು ಉಳಿತಾಯವಲ್ಲ, ಇಡೀ ಬಾಟಲಿಯನ್ನೇ ಕೆಡಿಸುವ ದಾರಿ.

ಇನ್ನು ಉಷ್ಣತೆಯ ವಿಚಾರ. ನಮ್ಮ ಭಾಗದಲ್ಲಿ ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ ಎಂಬುದು ನನ್ನ ಅಭಿಪ್ರಾಯ. ದ್ರಾವಣದ ವಾಹಕತೆ ಪ್ರತಿ ಡಿಗ್ರಿಗೆ ಶೇಕಡಾ 2ರ ಆಸುಪಾಸಿನಲ್ಲಿ ಏರುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಕೋಣೆಯಲ್ಲಿಟ್ಟ ದ್ರಾವಣ 35 ಡಿಗ್ರಿಗೆ ಕಾದಿದ್ದರೆ ಅದರ ನಿಜವಾದ ವಾಹಕತೆ 1413 ಅಲ್ಲ, ಸುಮಾರು 1680. ಮೀಟರಿನಲ್ಲಿ ಉಷ್ಣತೆಯ ಹೊಂದಾಣಿಕೆ, ಅಂದರೆ ಅಂಕಿಯನ್ನು ತಾನೇ 25 ಡಿಗ್ರಿಯ ಲೆಕ್ಕಕ್ಕೆ ತರುವ ಸೌಲಭ್ಯ, ಚಾಲೂ ಇದ್ದರೆ ಅದು 1413 ತೋರಿಸುವಂತೆ ಸರಿಪಡಿಸಬೇಕು. ಇಲ್ಲದಿದ್ದರೆ ಆ ಉಷ್ಣತೆಗೆ ಈ ದ್ರಾವಣದ ವಾಹಕತೆಯ ಕೋಷ್ಟಕದಲ್ಲಿ ಕೊಟ್ಟಿರುವ ಬೆಲೆಯನ್ನು ತೋರಿಸುವಂತೆ ಸರಿಪಡಿಸಿ, ಮಾದರಿಯ ಅಂಕಿಯನ್ನು ಲೆಕ್ಕ ಮಾಡಿ 25 ಡಿಗ್ರಿಗೆ ಇಳಿಸಬೇಕು. ಹೊಂದಾಣಿಕೆಯಿಲ್ಲದ ಮೀಟರನ್ನು ಬೇಸಿಗೆಯಲ್ಲಿ ಹೀಗೆ ಕಾದ ದ್ರಾವಣದಲ್ಲಿ 1413 ತೋರಿಸುವಂತೆ ಸರಿಪಡಿಸಿ, ಡಿಸೆಂಬರಿನಲ್ಲಿ 22 ಡಿಗ್ರಿಯ ನೀರನ್ನು ಹಾಗೆಯೇ ಅಳೆದರೆ, 2500 ಬರಬೇಕಾದ ಕಡೆ ಸುಮಾರು 1980 ಬರುತ್ತದೆ. ನೀರಾವರಿ ನೀರಿನ ವರ್ಗೀಕರಣದಲ್ಲಿ 2250ರ ಗೆರೆ ದಾಟಿ ಅತಿ ಉಪ್ಪಿನ ವರ್ಗಕ್ಕೆ ಸೇರಬೇಕಾದ ನೀರು ಕಾಗದದ ಮೇಲೆ ಅದಕ್ಕಿಂತ ಕೆಳಗಿನ ವರ್ಗದಲ್ಲಿ ಕುಳಿತುಕೊಳ್ಳುತ್ತದೆ. ಹೊಂದಾಣಿಕೆ ಇರಲಿ, ಇಲ್ಲದಿರಲಿ, ದ್ರಾವಣದ ಬಾಟಲಿಯನ್ನೂ ಮಾದರಿಗಳನ್ನೂ ಒಂದೇ ನೀರಿನ ಬೋಗುಣಿಯಲ್ಲಿ ಅರ್ಧ ತಾಸು ಜೊತೆಗಿಟ್ಟು ಒಂದೇ ಉಷ್ಣತೆಗೆ ತರುವುದು ಖರ್ಚಿಲ್ಲದ ಉಪಾಯ.

ಸೇಡಂ, ಚಿತ್ತಾಪುರದ ಸುಣ್ಣಕಲ್ಲಿನ ನೆಲದಿಂದ ಬರುವ ಗಡಸು ನೀರು ವಿದ್ಯುದ್ವಾರಗಳ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ, ಅಂಕಿ ಕಡಿಮೆ ಬರತೊಡಗುತ್ತದೆ. ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ, ಬಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದರೆ ಈ ಪೊರೆ ಕರಗುತ್ತದೆ. ಆದರೆ ಕಪ್ಪು ಪ್ಲಾಟಿನಂ ಲೇಪವಿರುವ ವಿದ್ಯುದ್ವಾರವನ್ನು ಬಟ್ಟೆಯಿಂದಲೋ ಬ್ರಷ್‌ನಿಂದಲೋ ಉಜ್ಜಬಾರದು.

ಈ ಅಂಕಿ ಒಟ್ಟು ಲವಣದ ಸುಳಿವು ಮಾತ್ರ. ಸುಮಾರು 0.64ರಿಂದ ಗುಣಿಸಿದರೆ ಲೀಟರಿನಲ್ಲಿ ಕರಗಿದ ಘನವಸ್ತು ಎಷ್ಟು ಮಿಲಿಗ್ರಾಂ ಎಂಬ ಅಂದಾಜು ಸಿಗುತ್ತದೆಯೇ ಹೊರತು, ಫ್ಲೋರೈಡ್ ಅಥವಾ ನೈಟ್ರೇಟ್ ಇದೆಯೇ ಎಂಬುದು ತಿಳಿಯದು. ಕುಡಿಯುವ ನೀರಿಗೆ ಅವುಗಳ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸಬೇಕು. ಮಣ್ಣಿನ ವರದಿ ಕೈಗೆ ಬಂದಾಗ, ಮಣ್ಣಿಗೆ ಎಷ್ಟು ಪಟ್ಟು ನೀರು ಬೆರೆಸಿ ಅಳೆದರು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಒಂದಕ್ಕೆ ಎರಡು ಪಟ್ಟು ಬೆರೆಸಿ ಪಡೆದ ಅಂಕಿಯನ್ನೂ, ನೀರಿನಿಂದ ತಣಿದ ಮಣ್ಣಿನ ಹಸಿ ಮುದ್ದೆಯಿಂದ ಹಿಂಡಿ ಪಡೆದ ಅಂಕಿಯನ್ನೂ ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬರುವುದಿಲ್ಲ.